ಉಳಿದ ಹಕ್ಕಿಯ ಋಣ

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಸೀಮೆಯ ಮನೆಗಳಲ್ಲಿ, ಪಡಸಾಲೆಯ ಮೂಲೆಯಲ್ಲೋ ಮಹಡಿ ಮೆಟ್ಟಿಲ ಕೆಳಗೋ ತೂಗುಹಾಕಿದ ತಂತಿ ಪಂಜರ ಈಗ ಅಪರೂಪದ ನೋಟವೇನಲ್ಲ. ಒಳಗೆ ಪಕ್ಕದಲ್ಲಿ ತೂತು ಕೊರೆದ ಒಂದು ಮಣ್ಣಿನ ಮಡಕೆ, ಒಂದು ಅಡ್ಡಕೋಲು, ಒಂದು ಬಟ್ಟಲಲ್ಲಿ ನವಣೆ, ಇನ್ನೊಂದರಲ್ಲಿ ನೀರು. ಕೋಲಿನ ಮೇಲೆ ಒತ್ತಿಕೊಂಡು ಕೂತ ಎರಡು ಹಕ್ಕಿ. ಅಂಗಡಿಯವರು ಇವನ್ನು ‘ಲವ್ ಬರ್ಡ್ಸ್’ ಎಂದು ಕರೆದು ಜೋಡಿ ಲೆಕ್ಕದಲ್ಲೇ ಕೊಡುತ್ತಾರೆ, ಬಿಡಿಯಾಗಿ ಕೇಳುವವರು ಕಡಿಮೆ. ಒಂದು ಬೆಳಿಗ್ಗೆ ಅವುಗಳಲ್ಲಿ ಒಂದು ಪಂಜರದ ತಳದಲ್ಲಿ ಕಾಲು ಮೇಲೆ ಮಾಡಿ ಬಿದ್ದಿರುತ್ತದೆ. ಮನೆಯವರು ಅದನ್ನು ಹಿತ್ತಲಲ್ಲಿ ಮಣ್ಣು ಮಾಡುತ್ತಾರೆ, ಮಕ್ಕಳು ಒಂದು ಹೊತ್ತು ಅಳುತ್ತಾರೆ. ಉಳಿದ ಹಕ್ಕಿ ಮಡಕೆಯ ತೂತಿನ ತನಕ ಹೋಗಿ ಕತ್ತು ಹಾಕಿ ನೋಡುತ್ತದೆ, ಹಿಂದಕ್ಕೆ ಬರುತ್ತದೆ, ಮತ್ತೆ ಹೋಗುತ್ತದೆ. ಸಂಜೆ ಕೂಗುತ್ತದೆ, ಕೂಗಿ ನಿಲ್ಲಿಸಿ ಕಿವಿಗೊಡುತ್ತದೆ. ಕೋಲಿನ ಮೇಲೆ ತನ್ನ ಹಳೆಯ ಜಾಗದಲ್ಲೇ ಕೂರುತ್ತದೆ, ಪಕ್ಕದ ಜಾಗ ಖಾಲಿ. ಇದನ್ನು ಕಂಡ ಹಿರಿಯರ ಬಾಯಲ್ಲಿ ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾತು ಬರುತ್ತದೆ. ಒಂದು, ‘ಅದರ ಋಣ ಅಷ್ಟೇ ಇತ್ತು’. ಇನ್ನೊಂದು, ‘ಬಿಡು, ಇನ್ನೊಂದು ತಂದು ಹಾಕಿದರಾಯಿತು’.

ಈ ಎರಡೂ ಮಾತಿನಲ್ಲಿ ಕೆಟ್ಟ ಮನಸ್ಸಿಲ್ಲ. ಆದರೂ ಎರಡೂ ತಪ್ಪು ಎಂಬುದು ನನ್ನ ವಾದ, ಮತ್ತು ಎರಡಕ್ಕೂ ಮೂಲದಲ್ಲಿ ಇರುವುದು ಒಂದೇ ತಪ್ಪು. ಹಕ್ಕಿಗೆ ದುಃಖವಾಗುತ್ತದೆಯೋ ಇಲ್ಲವೋ, ಆಗುವುದಾದರೆ ಅದು ನಮ್ಮಂತಹ ದುಃಖವೋ ಅಲ್ಲವೋ ಎಂದು ನಾವು ಚರ್ಚೆ ಮಾಡುತ್ತೇವೆ. ಆ ಚರ್ಚೆ ಮುಗಿಯುವ ತನಕ ನಮ್ಮ ಕರ್ತವ್ಯವೇನೂ ಇಲ್ಲವೆಂಬಂತೆ ನಡೆದುಕೊಳ್ಳುತ್ತೇವೆ. ಆದರೆ ಈ ಪ್ರಕರಣದಲ್ಲಿ ಕರ್ತವ್ಯ ಹುಟ್ಟುವುದು ಹಕ್ಕಿಯ ಮನಸ್ಸಿನೊಳಗೆ ಏನಿದೆ ಎಂಬುದರಿಂದಲ್ಲ, ಪಂಜರ ಯಾರದು ಎಂಬುದರಿಂದ. ಒಂದು ಜೀವಕ್ಕೆ ಲೋಕದಲ್ಲಿ ಇದ್ದ ಎಲ್ಲ ಸಂಗವನ್ನೂ ಕಿತ್ತು, ಒಂದೇ ಒಂದು ಜೊತೆಯನ್ನು ನಮ್ಮ ಕೈಯಾರೆ ಆರಿಸಿ ಕೊಟ್ಟಿದ್ದೇವೆ. ಆ ಒಂದೂ ಹೋದಾಗ ಅದರ ಲೋಕವೇ ಬರಿದಾಯಿತು. ಹಾಗೆ ಬರಿದಾಗುವಂತೆ ಕಟ್ಟಿದವರು ನಾವು. ಈ ಕರ್ತವ್ಯವನ್ನು ಅನುಕಂಪ ಎಂದು ಕರೆದರೆ ಸಾಲದು. ಅನುಕಂಪ ತೋರಿಸಬಹುದು, ತೋರಿಸದೆಯೂ ಇರಬಹುದು. ಸಾಲವನ್ನು ತೀರಿಸಲೇಬೇಕು.

ಹಾಗಂತ ದುಃಖದ ಪ್ರಶ್ನೆಯನ್ನು ಬದಿಗೆ ಸರಿಸುವ ಅಗತ್ಯವೂ ಇಲ್ಲ. ಹಕ್ಕಿಗಳ ವರ್ತನೆಯನ್ನು ಜೀವಮಾನವಿಡೀ ನೋಡಿ 1973ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಆಸ್ಟ್ರಿಯಾದ ಕೊನ್ರಾಡ್ ಲೊರೆಂಝ್, ಜೋಡಿ ಕಳೆದುಕೊಂಡ ಹೆಬ್ಬಾತುಗಳ ಬಗ್ಗೆ ಬರೆದದ್ದು ಇವತ್ತಿಗೂ ಮನಸ್ಸು ಕಲಕುತ್ತದೆ. ಅಂಥ ಹಕ್ಕಿ ತಲೆ ತಗ್ಗಿಸಿಕೊಂಡು ತಿರುಗುತ್ತದೆ, ಕೂಗುತ್ತಾ ಹಳೆಯ ಜಾಗಗಳನ್ನೆಲ್ಲ ಹುಡುಕುತ್ತದೆ, ಮುಂಚೆ ತಾನು ಹೆದರಿಸುತ್ತಿದ್ದ ಚಿಕ್ಕ ಹಕ್ಕಿಗಳಿಗೇ ಅಂಜಿ ಓಡುತ್ತದೆ. ನೋಟದ ಮಾತು ಸಾಲದು ಎನ್ನುವವರಿಗೆ ರಕ್ತದ ಲೆಕ್ಕವೂ ಇದೆ. ನಮ್ಮ ಅಂಗಡಿಗಳಲ್ಲೂ ಸಿಗುವ ಜೀಬ್ರಾ ಫಿಂಚ್ ಎಂಬ ಕೆಂಪು ಕೊಕ್ಕಿನ ಪುಟ್ಟ ಹಕ್ಕಿಯ ಮೇಲೆ ಮಾಡಿದ ಒಂದು ಪ್ರಯೋಗ 2003ರಲ್ಲಿ ಪ್ರಕಟವಾಯಿತು. ಜೋಡಿಯನ್ನು ಅಗಲಿಸಿದಾಗ ಹಕ್ಕಿಯ ರಕ್ತದಲ್ಲಿ ಸಂಕಟದ ಹಾರ್ಮೋನಾದ ಕಾರ್ಟಿಕೋಸ್ಟೆರಾನ್ ಏರಿತು. ತನ್ನದೇ ಜಾತಿಯ ಬೇರೆ ಹಕ್ಕಿಗಳು ಜೊತೆಯಲ್ಲಿದ್ದಾಗಲೂ ಏರಿತು. ಅದರದೇ ಜೋಡಿಯನ್ನು ಮರಳಿ ತಂದಾಗ ಇಳಿಯಿತು. ಆಫ್ರಿಕದ ಬೂದು ಗಿಳಿಗಳ ಮೇಲೆ 2014ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಆಳದ ಸಂಗತಿಯನ್ನು ಹೇಳಿತು. ಜೀವಕೋಶದ ವರ್ಣತಂತುಗಳ ತುದಿಯಲ್ಲಿ ಟೆಲೊಮಿಯರ್ ಎಂಬ ಭಾಗವಿರುತ್ತದೆ, ವಯಸ್ಸಾದಂತೆ ಸವೆಯುತ್ತದೆ. ಒಂಟಿಯಾಗಿ ಸಾಕಿದ ಗಿಳಿಗಳಲ್ಲಿ ಅದು ಜೋಡಿಯಾಗಿ ಸಾಕಿದವುಗಳಿಗಿಂತ ಬೇಗ ಸವೆದಿತ್ತು. ಒಂಟಿತನ ಎನ್ನುವುದು ಹಕ್ಕಿಯ ಮೂಳೆ ಮಾಂಸದೊಳಗೆ ಇಳಿಯುವ ವಸ್ತು. ನಮ್ಮ ಕವಿಗಳು ಜಕ್ಕವಕ್ಕಿಯ ವಿರಹವನ್ನು ನೂರಾರು ವರ್ಷ ಹಾಡಿದ್ದು ಬರೀ ಅಲಂಕಾರಕ್ಕಲ್ಲ ಎಂದುಕೊಳ್ಳಲು ಇಷ್ಟು ಸಾಕು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೇ. ಹಕ್ಕಿ ಜೀವನಪರ್ಯಂತ ಒಂದೇ ಜೋಡಿಗೆ ಕಟ್ಟುಬಿದ್ದಿರುತ್ತದೆ ಎಂಬುದು ಕವಿಗಳ ಮಾತು, ನಿಜದಲ್ಲಿ ಹಾಗಿಲ್ಲ. ಬಜರಿಗಾರ್, ಅಂದರೆ ನಾವು ಲವ್ ಬರ್ಡ್ಸ್ ಎನ್ನುವ ಈ ಹಕ್ಕಿ, ಇನ್ನೊಂದು ಹಕ್ಕಿ ಬಂದರೆ ಕೆಲವೇ ವಾರಗಳಲ್ಲಿ ಅದರ ಕೊಕ್ಕಿಗೆ ಕೊಕ್ಕು ತಾಗಿಸಿ ಕೂರಬಹುದು. ಹಾಗಾದರೆ ಮೊದಲಿನದು ದುಃಖವೇ ಅಲ್ಲವಲ್ಲ? ಈ ತರ್ಕವನ್ನು ಮನುಷ್ಯರ ಮೇಲೆ ಪ್ರಯೋಗಿಸಿ ನೋಡಿದರೆ ಅದರ ಸೊಟ್ಟು ಕಾಣುತ್ತದೆ. ಹೆಂಡತಿ ತೀರಿಕೊಂಡ ವರ್ಷದೊಳಗೆ ಮತ್ತೆ ಮದುವೆಯಾದ ಗಂಡಸು ನಮ್ಮ ಊರುಗಳಲ್ಲಿ ಹೊಸಬನಲ್ಲ. ಅವನು ಅತ್ತದ್ದು ಸುಳ್ಳೆಂದು ಯಾರೂ ಹೇಳುವುದಿಲ್ಲ. ಮತ್ತೆ ಜೊತೆಯಾಗುವ ಶಕ್ತಿ ಇರುವುದು ಗಾಯ ಮಾಯುತ್ತದೆ ಎಂಬುದಕ್ಕೆ ಸಾಕ್ಷಿ. ಗಾಯವೇ ಆಗಿರಲಿಲ್ಲ ಎಂಬುದಕ್ಕೆ ಅದು ಸಾಕ್ಷಿಯಾಗದು. ಅಲ್ಲದೆ, ಹಕ್ಕಿಗೆ ಸಾವೆಂದರೇನು ಎಂದು ನಮ್ಮಂತೆ ತಿಳಿದಿದೆ ಎಂದು ನಾನೂ ವಾದಿಸುತ್ತಿಲ್ಲ. ಬಹುಶಃ ತಿಳಿದಿಲ್ಲ. ತಿಳಿಯದೆ ಕಾಯುವುದು ತಿಳಿದು ಅಳುವುದಕ್ಕಿಂತ ಹಗುರ ಎಂದು ಯಾರು ಹೇಳಿದರು?

ಈಗ ಪಂಜರದ ಮಾತು. ಬಜರಿಗಾರ್ ಆಸ್ಟ್ರೇಲಿಯಾದ ಒಳನಾಡಿನ ಬರಡು ಬಯಲಿನ ಹಕ್ಕಿ. ಮಳೆ ಎಲ್ಲಿ ಬಿತ್ತೋ, ಹುಲ್ಲು ಎಲ್ಲಿ ಕಾಳುಗಟ್ಟಿತೋ ಅಲ್ಲಿಗೆ ನೂರಾರು, ಕೆಲವೊಮ್ಮೆ ಸಾವಿರಾರು ಹಕ್ಕಿಗಳ ಹಿಂಡಾಗಿ ಹಾರುವ ಅಲೆಮಾರಿ. ಪಕ್ಷಿತಜ್ಞ ಜಾನ್ ಗೋಲ್ಡ್ 1840ರಲ್ಲಿ ಅದನ್ನು ಜೀವಂತವಾಗಿ ಇಂಗ್ಲೆಂಡಿಗೆ ಒಯ್ದ ಮೇಲೆ ಅದು ಲೋಕದ ಪಂಜರಗಳನ್ನೆಲ್ಲ ತುಂಬಿತು. ಕಾಡಿನಲ್ಲಿ ಅಂಥ ಹಕ್ಕಿಗೂ ಜೋಡಿ ಸಾಯುತ್ತದೆ. ಗಿಡುಗ ಹೊಡೆಯುತ್ತದೆ, ನೀರಿಲ್ಲದೆ ಸಾಯುತ್ತದೆ. ಆದರೆ ಆ ಸಂಜೆ ಉಳಿದ ಹಕ್ಕಿ ಕೂರುವುದು ನೂರು ಹಕ್ಕಿ ಕೂತ ಮರದ ಮೇಲೆ. ಅದು ಕೂಗಿದರೆ ನೂರು ಕೂಗು ಮರಳಿ ಬರುತ್ತದೆ. ನಾವು ಆ ನೂರನ್ನು ಕಳೆದು ಒಂದನ್ನು ಉಳಿಸಿದೆವು. ಪ್ರಕೃತಿಯಲ್ಲಿ ಸಾವು ಇದ್ದೇ ಇದೆ, ನಿಜ. ಪ್ರಕೃತಿಯಲ್ಲಿ ಇಲ್ಲದ್ದು ಒಂದು ಸಾವು ಇನ್ನೊಂದು ಜೀವದ ಇಡೀ ಸಮಾಜವನ್ನೇ ಅಳಿಸಿಹಾಕುವಂಥ ಈ ಏರ್ಪಾಡು. ಇದು ದೇವರು ಮಾಡಿದ್ದಲ್ಲ, ತಂತಿ ಬಿಗಿದವರು ಮಾಡಿದ್ದು.

ನಮ್ಮ ಪುರಾಣ ಕಾವ್ಯಗಳು ಈ ಪ್ರಶ್ನೆಯ ಸುತ್ತ ಅದೆಷ್ಟು ಸಲ ಸುಳಿದಿವೆ ಎಂದು ಗಮನಿಸಿದರೆ ಆಶ್ಚರ್ಯವಾಗುತ್ತದೆ. ರಾಮಾಯಣ ಹುಟ್ಟಿದ್ದೇ ಜೋಡಿ ಕಳೆದುಕೊಂಡ ಹಕ್ಕಿಯ ಕೂಗಿನಿಂದ. ತಮಸಾ ನದಿಯ ತೀರದಲ್ಲಿ ಬೇಡನ ಬಾಣಕ್ಕೆ ಗಂಡು ಕ್ರೌಂಚ ಬಿತ್ತು, ಹೆಣ್ಣು ಅತ್ತಿತು, ವಾಲ್ಮೀಕಿಯ ಶೋಕ ಶ್ಲೋಕವಾಯಿತು. ಇದನ್ನು ಶಾಲೆಯ ಮಕ್ಕಳೂ ಹೇಳುತ್ತಾರೆ. ಯಾರೂ ಕೇಳದ ಪ್ರಶ್ನೆಯೊಂದಿದೆ: ಆ ಹೆಣ್ಣು ಕ್ರೌಂಚ ಆಮೇಲೆ ಏನಾಯಿತು? ಇಪ್ಪತ್ತನಾಲ್ಕು ಸಾವಿರ ಶ್ಲೋಕದ ಕಾವ್ಯ ಮುಂದಕ್ಕೆ ಸಾಗುತ್ತದೆ, ಬ್ರಹ್ಮ ಬರುತ್ತಾನೆ, ಕಥೆ ಅಯೋಧ್ಯೆಗೆ ಹೋಗುತ್ತದೆ. ನದಿ ದಂಡೆಯಲ್ಲಿ ಉಳಿದ ಆ ಹಕ್ಕಿಯ ಕಡೆಗೆ ಕಾವ್ಯ ಮತ್ತೆ ತಿರುಗಿ ನೋಡುವುದಿಲ್ಲ. ವಾಲ್ಮೀಕಿಯ ಮೇಲೆ ತಪ್ಪು ಹೊರಿಸಲು ಈ ಮಾತಲ್ಲ. ಅವನ ಮೊದಲ ಶ್ಲೋಕ ಯಾರಿಗೆ ಹೇಳಿದ್ದು ಎಂದು ನೋಡಬೇಕು. ಅದು ಹಕ್ಕಿಗೆ ಹೇಳಿದ ಸಮಾಧಾನವಲ್ಲ, ಬೇಡನಿಗೆ ಹೇಳಿದ ಮಾತು. ಅಗಲಿಕೆ ಆದಾಗ ಋಷಿಯ ಕಣ್ಣು ಮೊದಲು ಹೋದದ್ದು ಅಗಲಿಸಿದವನ ಕಡೆಗೆ.

ಮಹಾಭಾರತದ ಶಾಂತಿಪರ್ವದಲ್ಲಿ ಭೀಷ್ಮ ಹೇಳುವ ಪಾರಿವಾಳದ ಕಥೆಯಲ್ಲಿ ಪಂಜರವೇ ನಡುಮಧ್ಯಕ್ಕೆ ಬರುತ್ತದೆ. ಬಿರುಗಾಳಿ ಮಳೆಯಲ್ಲಿ ಸಿಕ್ಕ ಹೆಣ್ಣು ಪಾರಿವಾಳವನ್ನು ಬೇಡ ಪಂಜರಕ್ಕೆ ಹಾಕಿಕೊಂಡು, ಚಳಿಗೆ ನಡುಗುತ್ತಾ ಒಂದು ಮರದ ಕೆಳಗೆ ಬಂದು ಕೂರುತ್ತಾನೆ. ಅದೇ ಮರದ ಮೇಲೆ ಗಂಡು ಪಾರಿವಾಳ ಅವಳಿಗಾಗಿ ಹಂಬಲಿಸುತ್ತಿದೆ. ಪಂಜರದೊಳಗಿನಿಂದಲೇ ಹೆಣ್ಣು ಹೇಳುತ್ತದೆ: ಇವನು ಮನೆಗೆ ಬಂದ ಅತಿಥಿ, ಇವನನ್ನು ಉಪಚರಿಸು. ಗಂಡು ಬೆಂಕಿ ತಂದು ಅವನ ಚಳಿ ಬಿಡಿಸುತ್ತದೆ, ಕೊಡಲು ಬೇರೇನೂ ಇಲ್ಲದೆ ತಾನೇ ಬೆಂಕಿಗೆ ಹಾರುತ್ತದೆ. ಅದನ್ನು ಕಂಡು ಬೇಡ ಬಲೆಯನ್ನೂ ಪಂಜರವನ್ನೂ ಎಸೆದು ಹೆಣ್ಣನ್ನು ಬಿಡುತ್ತಾನೆ. ಅವಳು ಹಾರಿಹೋಗದೆ ಅದೇ ಬೆಂಕಿಗೆ ಬೀಳುತ್ತಾಳೆ. ಈ ಕಥೆಯನ್ನು ನಾವು ಅತಿಥಿಸತ್ಕಾರಕ್ಕೆ, ಶರಣಾಗತ ರಕ್ಷಣೆಗೆ ಉದಾಹರಣೆಯಾಗಿ ಹೇಳುತ್ತೇವೆ, ಭೀಷ್ಮ ಹೇಳಿದ್ದೂ ಅದಕ್ಕೇ. ಆದರೆ ಕಥೆಯಲ್ಲಿ ಬದಲಾದವನು ಒಬ್ಬನೇ, ಬೇಡ. ಹಕ್ಕಿಗಳು ಮೊದಲೂ ಧರ್ಮದಲ್ಲೇ ಇದ್ದವು. ಪಂಜರದ ಒಡೆಯ ಪಂಜರ ಕೆಳಗಿಟ್ಟದ್ದು ತಡವಾಗಿ, ಹೆಣ್ಣಿಗೆ ಆ ಬಿಡುಗಡೆ ಬೇಡವಾದ ಮೇಲೆ.

ಮೂರನೆಯದು ಪದ್ಮಪುರಾಣದ ಪಾತಾಳಖಂಡದಲ್ಲಿದೆ, ಮತ್ತು ಅದು ನಮ್ಮ ಸೀಮೆಗೆ ತೀರಾ ಹತ್ತಿರದ್ದು. ವಾಲ್ಮೀಕಿಯ ಆಶ್ರಮದಲ್ಲಿ ರಾಮಕಥೆ ಕೇಳಿ ಬೆಳೆದ ಗಿಳಿಗಳ ಜೋಡಿಯೊಂದು ಮಿಥಿಲೆಗೆ ಬರುತ್ತದೆ. ಬಾಲಕಿ ಸೀತೆ ಅವುಗಳನ್ನು ಹಿಡಿಸಿ, ಇನ್ನಷ್ಟು ಹೇಳಿ ಎಂದು ಇಟ್ಟುಕೊಳ್ಳುತ್ತಾಳೆ. ಹೆಣ್ಣು ಗಿಳಿ ಬಸುರಿ, ಬಿಟ್ಟುಬಿಡಿ ಎಂದು ಗಂಡು ಬೇಡುತ್ತದೆ. ಸೀತೆ ಹೆಣ್ಣನ್ನು ಬಿಡುವುದಿಲ್ಲ, ಜೋಡಿ ಅಗಲುತ್ತದೆ. ಸಾಯುವ ಮುನ್ನ ಹೆಣ್ಣು ಗಿಳಿ ಶಪಿಸುತ್ತದೆ: ನೀನೂ ಬಸುರಿಯಾಗಿರುವಾಗ ಗಂಡನಿಂದ ಅಗಲು. ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ಆವನಿ ಬೆಟ್ಟದಲ್ಲೇ ಸೀತೆ ಆ ಅಗಲಿಕೆಯ ದಿನಗಳನ್ನು ಕಳೆದಳು, ಲವಕುಶರು ಹುಟ್ಟಿದ್ದು ಅಲ್ಲೇ ಎಂದು ಈ ಭಾಗದವರು ನಂಬುತ್ತಾರೆ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವ ತನಕ ಮೊದಲಿಗೆ ಹೇಳಿದ ಆ ನಾಲ್ಕೂ ಊರುಗಳು ಆವನಿಯೊಂದಿಗೆ ಒಂದೇ ಜಿಲ್ಲೆಯಲ್ಲಿದ್ದವು. ಇಲ್ಲಿಂದ ಆವನಿಗೆ ಹೋಗಿ ಬೆಟ್ಟ ಹತ್ತಿ ಬರುವವರು ಸೀತೆಯ ಕಷ್ಟಕ್ಕೆ ಕಣ್ಣೀರಿಡುತ್ತಾರೆ. ಆ ಕಷ್ಟದ ಬೇರು ಒಂದು ಗಿಳಿಜೋಡಿಯ ಅಗಲಿಕೆಯಲ್ಲಿದೆ ಎಂದು ಒಂದು ಪುರಾಣ ಹೇಳಿದ್ದನ್ನು ನೆನೆಯುವವರು ಕಡಿಮೆ. ಶಾಪವನ್ನು ಅಕ್ಷರಶಃ ನಂಬಬೇಕಿಲ್ಲ. ಪುರಾಣಕಾರನ ಧೈರ್ಯವನ್ನು ನೋಡಿ. ಜಗನ್ಮಾತೆ ಎಂದು ತಾನೇ ಪೂಜಿಸುವವಳನ್ನೂ ಅವನು ಈ ಲೆಕ್ಕದಿಂದ ಹೊರಗಿಡಲಿಲ್ಲ. ಆಕೆ ಕ್ರೂರಿಯಲ್ಲ, ಗಿಳಿಯ ಮೇಲೆ ಆಕೆಗಿದ್ದದ್ದು ಪ್ರೀತಿಯೇ. ಪ್ರೀತಿಯಿಂದ ಹಾಕಿದ ಪಂಜರವೂ ಪಂಜರವೇ ಎಂದು ಇಷ್ಟು ಖಡಾಖಂಡಿತವಾಗಿ ಹೇಳಿದ ಕಥೆ ಇನ್ನೊಂದಿಲ್ಲ.

ಹಾಗಾದರೆ ‘ಅದರ ಋಣ ಅಷ್ಟೇ’ ಎಂಬ ಮಾತಿಗೆ ಏನು ಅರ್ಥ? ಋಣಾನುಬಂಧ ಎಂಬುದು ಕನ್ನಡಿಗರು ಸಾವಿನ ಮುಂದೆ ಹೇಳಿಕೊಳ್ಳುವ ಅತ್ಯಂತ ಮೃದುವಾದ ಮಾತು. ಸತ್ತ ಹಕ್ಕಿಯ ಬಗ್ಗೆ ಹೇಳಿದರೆ ಒಪ್ಪೋಣ. ಬದುಕಿರುವ ಹಕ್ಕಿಯ ಬಗ್ಗೆ ಹೇಳಿದರೆ ಲೆಕ್ಕ ತಿರುಗುಮುರುಗಾಗುತ್ತದೆ. ಋಣ ಎಂದರೆ ಸಾಲ ತಾನೆ? ಇಲ್ಲಿ ಕೊಟ್ಟವರು ಯಾರು, ತೆಗೆದುಕೊಂಡವರು ಯಾರು? ಹಕ್ಕಿ ತನ್ನ ಹಾರಾಟ, ತನ್ನ ಹಿಂಡು, ತನ್ನ ದಿಕ್ಕು ಎಲ್ಲವನ್ನೂ ಕೊಟ್ಟಿದೆ. ನಾವು ಒಂದು ಹಿಡಿ ನವಣೆ, ಒಂದು ಬಟ್ಟಲು ನೀರು ಕೊಟ್ಟಿದ್ದೇವೆ. ಸಾಲಗಾರನೇ ಎದ್ದು ನಿಂತು ‘ಲೆಕ್ಕ ಚುಕ್ತಾ ಆಯಿತು’ ಎಂದರೆ ಆಗುತ್ತದೆಯೇ? ಕರ್ಮಸಿದ್ಧಾಂತವನ್ನು ಗಂಭೀರವಾಗಿ ತೆಗೆದುಕೊಳ್ಳುವವರು ಇನ್ನೂ ಎಚ್ಚರವಾಗಿರಬೇಕು. ಆ ಹಕ್ಕಿಯ ಹಿಂದಿನ ಕರ್ಮವೇನೋ ನಮಗೆ ಗೊತ್ತಿಲ್ಲ, ನಮ್ಮ ಇಂದಿನ ಕರ್ಮ ಮಾತ್ರ ಕಣ್ಣೆದುರೇ ತೂಗುತ್ತಿದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಭಾಗವತದ ಹನ್ನೊಂದನೆಯ ಸ್ಕಂಧದಿಂದ ಬರುತ್ತದೆ. ಅಲ್ಲಿ ಅವಧೂತ ತನ್ನ ಇಪ್ಪತ್ತನಾಲ್ಕು ಗುರುಗಳಲ್ಲಿ ಪಾರಿವಾಳವನ್ನೂ ಎಣಿಸುತ್ತಾನೆ. ಮರಿಗಳು ಬಲೆಗೆ ಬಿದ್ದವೆಂದು ತಾಯಿ ಬಲೆಗೆ ಬೀಳುತ್ತದೆ, ಹೆಂಡತಿ ಹೋದಳೆಂದು ಗಂಡೂ ಕಣ್ಣಾರೆ ಕಂಡು ಅದೇ ಬಲೆಗೆ ಬೀಳುತ್ತದೆ. ಮೋಹದ ಗತಿ ಇದು, ಯಾರಿಗೂ ಅತಿಯಾಗಿ ಅಂಟಿಕೊಳ್ಳಬೇಡ ಎಂದು ಅವಧೂತ ಕಲಿತ ಪಾಠ. ಇದನ್ನೇ ಹಿಡಿದು ಹಕ್ಕಿಯ ಅಂಟಿಗೆ ನಾವು ಮತ್ತೆ ನೀರೆರೆಯುವುದು ಅಜ್ಞಾನ ಎನ್ನಬಹುದು. ಆದರೆ ಅವಧೂತ ಆ ಪಾಠವನ್ನು ತನಗೆ ತಾನೇ ಹೇಳಿಕೊಂಡ, ಪಾರಿವಾಳಕ್ಕೆ ಹೇಳಲಿಲ್ಲ. ವೈರಾಗ್ಯ ತಾನಾಗಿ ತಂದುಕೊಳ್ಳುವ ಸಂಪತ್ತು, ಇನ್ನೊಬ್ಬರ ದುಃಖಕ್ಕೆ ಚೀಟಿ ಬರೆದು ಕೊಡುವ ಔಷಧಿಯಲ್ಲ. ಅದೂ ಅಲ್ಲದೆ, ಆ ಕಾಡಿನ ಪಾರಿವಾಳಕ್ಕೆ ಹಾರಿಹೋಗುವ ದಾರಿ ಇತ್ತು, ಅದು ಬಲೆಯನ್ನು ಆರಿಸಿಕೊಂಡಿತು. ಪಂಜರದ ಹಕ್ಕಿಗೆ ಅಂಟೂ ನಾವು ಕೊಟ್ಟದ್ದು, ಅಗಲಿಕೆಯೂ ನಮ್ಮ ಗೋಡೆಯೊಳಗೆ ಆದದ್ದು. ನಮ್ಮ ದಾಸರೂ ತತ್ತ್ವಪದಕಾರರೂ ದೇಹವನ್ನು ಪಂಜರಕ್ಕೆ, ಪ್ರಾಣವನ್ನು ಗಿಳಿಗೆ ಹೋಲಿಸಿ ಹಾಡಿದರು. ಆ ಹೋಲಿಕೆ ನಮ್ಮ ಕಿವಿಗೆ ಎಷ್ಟು ಒಗ್ಗಿದೆಯೆಂದರೆ, ನಿಜವಾದ ಪಂಜರದಲ್ಲಿರುವ ನಿಜವಾದ ಗಿಳಿ ನಮಗೆ ಕಾಣದಾಗಿದೆ. ಪಾಠ ಹೇಳಲು ಬಳಸಿದ ಹಕ್ಕಿಗೂ ಹಸಿವಿದೆ, ಚಳಿಯಿದೆ.

ಶಿಡ್ಲಘಟ್ಟದಲ್ಲಿ ಕೂತು ಯಾರಾದರೂ ಈ ಬರಹ ಓದಿದರೆ ಅವರ ಮನಸ್ಸಿಗೆ ಬರುವ ಪ್ರಶ್ನೆ ಬೇರೆಯದೇ. ಆ ಊರಿನಲ್ಲಿ ‘ಗೂಡು’ ಎಂದರೆ ಹಕ್ಕಿಯ ಗೂಡು ಆಮೇಲೆ, ಮೊದಲು ರೇಷ್ಮೆ ಗೂಡು. ಅಲ್ಲಿನ ಗೂಡಿನ ಮಾರುಕಟ್ಟೆಯಿಂದ, ನೂಲು ತೆಗೆಯುವ ರೀಲರುಗಳ ಮನೆಗೆ ಹೋದ ಗೂಡು ಒಳಗಿನ ಹುಳುವಿನ ಸಮೇತ ಬಿಸಿನೀರಿಗೆ ಬೀಳುತ್ತದೆ. ಒಂದು ಕಿಲೋ ನೂಲಿಗೆ ಸಾವಿರಾರು ಜೀವ. ಅದೇ ಜಿಲ್ಲೆಯಲ್ಲಿ ಕೋಳಿ ಫಾರಂಗಳೂ ಇವೆ. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಾಗ ಕೋಳಿಗಳನ್ನು ಕೊಂದು ಹೂಳಬೇಕಾಯಿತು. ಇಷ್ಟೆಲ್ಲ ನಡೆಯುವ ನೆಲದಲ್ಲಿ ಒಂದು ಲವ್ ಬರ್ಡಿನ ಒಂಟಿತನದ ಬಗ್ಗೆ ತತ್ತ್ವ ಮಾತಾಡುವುದು ಬಡವರ ಹೊಟ್ಟೆಪಾಡನ್ನು ಹೀಯಾಳಿಸಿದಂತಲ್ಲವೇ? ನಾನು ಈ ಪ್ರಶ್ನೆಯನ್ನು ತಳ್ಳಿಹಾಕುವುದಿಲ್ಲ. ರೇಷ್ಮೆಯ ಹಿಂಸೆಯ ಲೆಕ್ಕ ದೊಡ್ಡದು, ಸಾವಿರಾರು ಸಂಸಾರಗಳ ಅನ್ನ ಅದರೊಳಗೆ ಹೆಣೆದುಕೊಂಡಿದೆ, ಅದನ್ನು ಇಲ್ಲಿ ಬಗೆಹರಿಸಲು ಬರುವುದಿಲ್ಲ. ಆದರೆ ಆ ಹೋಲಿಕೆಯೇ ನನ್ನ ವಾದವನ್ನು ಗಟ್ಟಿ ಮಾಡುತ್ತದೆ. ಗೂಡನ್ನು ಕುದಿಸುವವನಿಗೆ ಅನ್ನ ಎಂಬ ಕಾರಣವಿದೆ. ಹಕ್ಕಿಯನ್ನು ಪಂಜರದಲ್ಲಿಟ್ಟವನಿಗೆ ಕಣ್ಣಿನ ಖುಷಿ ಬಿಟ್ಟರೆ ಬೇರೆ ಕಾರಣವಿಲ್ಲ. ಕಾರಣ ಹಗುರವಾದಷ್ಟೂ ಋಣ ಭಾರವಾಗುತ್ತದೆ. ಇನ್ನು, ದೊಡ್ಡ ಹಿಂಸೆ ಇದೆಯೆಂದು ಚಿಕ್ಕ ಕರ್ತವ್ಯವನ್ನು ಮನ್ನಾ ಮಾಡುವುದಾದರೆ ಲೋಕದಲ್ಲಿ ಯಾವ ಕರ್ತವ್ಯವೂ ಉಳಿಯುವುದಿಲ್ಲ, ಏಕೆಂದರೆ ಅದಕ್ಕಿಂತ ದೊಡ್ಡ ಹಿಂಸೆ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ.

‘ಹಾಗಾದರೆ ಪಂಜರದ ಬಾಗಿಲು ತೆಗೆದು ಬಿಟ್ಟುಬಿಡೋಣ’ ಎಂಬುದು ಒಳ್ಳೆಯ ಮನಸ್ಸಿನವರಿಗೆ ತಕ್ಷಣ ಹೊಳೆಯುವ ಪರಿಹಾರ. ಹಕ್ಕಿ ಬಿಡುವುದು ಪುಣ್ಯ ಎಂಬ ಭಾವನೆ ನಮ್ಮಲ್ಲಿ ಹಳೆಯದು, ಅದರ ಹಿಂದಿನ ಕರುಣೆ ದೊಡ್ಡದು. ಆದರೆ ತಲೆಮಾರುಗಳಿಂದ ಪಂಜರದಲ್ಲೇ ಹುಟ್ಟಿ ಬೆಳೆದ ಬಜರಿಗಾರನ್ನೋ ಕಾಕಟೀಲ್ ಥರದ ಇನ್ನೊಂದು ಪರದೇಶದ ಹಕ್ಕಿಯನ್ನೋ ನಂದಿ ಬೆಟ್ಟದ ತಪ್ಪಲಲ್ಲಿ ಬಿಟ್ಟರೆ ಅದಕ್ಕೆ ಕಾಳು ಹುಡುಕಲು ಬಾರದು, ಹಿಂಡು ಸಿಗದು, ಕಾಗೆಗೋ ಗಿಡುಗಕ್ಕೋ ಸಿಗುತ್ತದೆ. ಪುಣ್ಯ ನಮಗೆ, ಸಾವು ಅದಕ್ಕೆ. ಇದು ಬಿಡುಗಡೆಯಲ್ಲ, ಸಾಲ ಕೊಟ್ಟವನನ್ನು ಊರಾಚೆ ಬಿಟ್ಟು ಬಂದಂತೆ. ನಮ್ಮ ನಾಡಿನ ಗಿಳಿಯ ಮಾತು ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿಯುವುದು, ಮಾರುವುದು, ಸಾಕುವುದು ಅಪರಾಧ. ಗಿಳಿಶಾಸ್ತ್ರದವರ ಪೆಟ್ಟಿಗೆಯಲ್ಲಿ ಒಂಟಿಯಾಗಿ ಕೂತು ಚೀಟಿ ಎತ್ತುವ ಗಿಳಿಯೂ ಆ ಕಾನೂನಿನೊಳಗೇ ಬರುತ್ತದೆ. ಮನೆಯಲ್ಲಿ ಇಂಥ ಗಿಳಿ ಇದ್ದು ಅದರ ಜೋಡಿ ಸತ್ತಿದ್ದರೆ ಎರಡನೆಯದನ್ನು ಹುಡುಕುವ ಪ್ರಶ್ನೆಯೇ ಇಲ್ಲ, ಅರಣ್ಯ ಇಲಾಖೆಗೆ ಒಪ್ಪಿಸುವುದೇ ದಾರಿ. ರೆಕ್ಕೆ ಬಲ ಇದ್ದರೆ ತಿಳಿದವರು ಅದನ್ನು ಹಂತಹಂತವಾಗಿ ತನ್ನವರ ನಡುವೆ ಬಿಡುತ್ತಾರೆ.

ಋಣ ತೀರಿಸುವುದೆಂದರೆ ದಿನನಿತ್ಯದ ಕೆಲಸ, ಅದರಲ್ಲಿ ಮಂತ್ರವೇನಿಲ್ಲ. ಮೊದಲು ಕೇಳಬೇಕಾದ್ದು, ಸತ್ತದ್ದು ಏಕೆ ಸತ್ತಿತು? ಉಳಿದದ್ದಕ್ಕೂ ಅದೇ ಕಾಯಿಲೆ ಅಂಟಿರಬಹುದು. ಸೊಳ್ಳೆಬತ್ತಿ, ಊದುಬತ್ತಿ, ಸಾಂಬ್ರಾಣಿ ಹೊಗೆ ನಮಗೆ ಏನೂ ಅನ್ನಿಸದಿದ್ದರೂ ಹಕ್ಕಿಯ ಶ್ವಾಸಕ್ಕೆ ವಿಷ. ದೇವರ ಮನೆಯ ಪಕ್ಕದಲ್ಲೇ ಪಂಜರ ತೂಗುಹಾಕಿದ ಮನೆಗಳಲ್ಲಿ ಇದನ್ನು ಯಾರೂ ಯೋಚಿಸುವುದಿಲ್ಲ. ಪುಕ್ಕ ಉಬ್ಬಿಸಿಕೊಂಡು ಕೋಲು ಬಿಟ್ಟು ತಳದಲ್ಲಿ ಕೂತರೆ, ಬಾಲ ಉಸಿರಿನ ಜೊತೆ ಮೇಲೆ ಕೆಳಗೆ ಆಡಿದರೆ, ಅದು ಶೋಕ ಎಂದು ಸುಮ್ಮನಿರಬಾರದು, ಅದೇ ದಿನ ಪಶುವೈದ್ಯರಿಗೆ ತೋರಿಸಬೇಕು. ಬಟ್ಟಲು ತುಂಬಿದೆಯೆಂದು ತಿನ್ನಲು ಇದೆ ಎಂದುಕೊಳ್ಳುವುದು ದೊಡ್ಡ ಮೋಸ. ಈ ಹಕ್ಕಿಗಳು ಕಾಳಿನ ಸಿಪ್ಪೆ ಬಿಡಿಸಿ ಅಲ್ಲೇ ಉಗುಳುತ್ತವೆ, ಮೇಲೆಲ್ಲ ಹೊಟ್ಟು, ಕೆಳಗೆ ಏನೂ ಇಲ್ಲ. ಊದಿ ನೋಡಿದರೆ ಮಾತ್ರ ನಿಜ ತಿಳಿಯುತ್ತದೆ. ಮೂವತ್ತು ನಲವತ್ತು ಗ್ರಾಂ ತೂಗುವ ಜೀವ ಒಂದು ದಿನ ಪೂರ್ತಿ ತಿನ್ನದಿದ್ದರೂ ಅಪಾಯ. ಅಡುಗೆಮನೆಯ ಚಿಕ್ಕ ತಕ್ಕಡಿಯಲ್ಲಿ ದಿನಾ ಬೆಳಿಗ್ಗೆ ತೂಗುವುದು ದೊಡ್ಡ ಮಾತಲ್ಲ. ಇನ್ನೊಂದು ಸಂಗತಿ ಚಳಿಯದು. ಡಿಸೆಂಬರ್ ಜನವರಿಯಲ್ಲಿ ನಂದಿಯ ಕಡೆಯಿಂದ ಬೀಸುವ ಗಾಳಿಗೆ ಎರಡು ಹಕ್ಕಿ ಒಂದನ್ನೊಂದು ಒತ್ತಿಕೊಂಡು ಬೆಚ್ಚಗಿರುತ್ತಿದ್ದವು. ಈಗ ಅದರ ಒಂದು ಮಗ್ಗುಲು ತಣ್ಣಗಿದೆ. ರಾತ್ರಿ ಪಂಜರದ ಮೂರು ಕಡೆ ಬಟ್ಟೆ ಹೊದಿಸಿ ಗಾಳಿಯ ದಿಕ್ಕಿನಿಂದ ಸರಿಸಿದರೆ ಆ ಮಗ್ಗುಲಿಗೆ ಒಂದಿಷ್ಟು ಆಸರೆ.

ಹೊತ್ತಿಗೆ ಸರಿಯಾಗಿ ಕಾಳು, ಹೊತ್ತಿಗೆ ಸರಿಯಾಗಿ ಕತ್ತಲು, ಪಂಜರ ಇದ್ದ ಜಾಗದಲ್ಲೇ ಇರುವುದು: ಲೋಕ ಅರ್ಧ ಕುಸಿದಾಗ ಉಳಿದರ್ಧ ಅಲ್ಲಾಡದಿರುವುದೇ ದೊಡ್ಡ ಸಮಾಧಾನ. ಮನುಷ್ಯರು ಓಡಾಡುವ ಕಡೆ ಅದು ಇರಲಿ, ದಿನದಲ್ಲಿ ನಾಲ್ಕು ಸಲ ಮನೆಯವರು ಅದರ ಹತ್ತಿರ ಕೂತು ಮೆಲ್ಲಗೆ ಮಾತಾಡಲಿ, ಅದು ಕೂಗಿದಾಗ ಯಾರಾದರೂ ಓಗೊಡಲಿ. ಉತ್ತರ ಬರುವುದಿಲ್ಲ ಎಂದು ಕಲಿತ ಮೇಲೆ ಹಕ್ಕಿ ಕೂಗುವುದನ್ನೇ ಬಿಡುತ್ತದೆ. ಅದನ್ನು ನಾವು ‘ಈಗ ಸರಿಹೋಯಿತು’ ಎಂದುಕೊಳ್ಳುತ್ತೇವೆ. ಒಂಟಿಯೆಂದು ಪಂಜರದಲ್ಲಿ ಕನ್ನಡಿ ಕಟ್ಟುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಹಕ್ಕಿ ಗಂಟೆಗಟ್ಟಲೆ ಕನ್ನಡಿಯ ಮುಂದೆ ಕೂತು, ತಿಂದದ್ದನ್ನು ಕಕ್ಕಿ ಆ ಬಿಂಬಕ್ಕೆ ಉಣಿಸಲು ನೋಡುತ್ತದೆ. ಜೊತೆ ಕಳೆದುಕೊಂಡ ಜೀವಕ್ಕೆ ಎಂದೂ ತಿನ್ನದ, ಎಂದೂ ಮುಟ್ಟದ ಒಂದು ಜೊತೆಯನ್ನು ತೋರಿಸುವುದು ಎರಡನೆಯ ವಂಚನೆ.

ಕೊನೆಗೆ ಉಳಿಯುವುದು ‘ಇನ್ನೊಂದು ತಂದರಾಯಿತು’ ಎಂಬ ಮಾತು. ಹಿಂಡಿನ ಹಕ್ಕಿಗೆ ತನ್ನ ಜಾತಿಯ ಸಂಗ ಬೇಕೇ ಬೇಕು, ಮನುಷ್ಯ ಎಷ್ಟು ಪ್ರೀತಿಸಿದರೂ ಅದರ ಕತ್ತಿನ ಹಿಂದಿನ ಪುಕ್ಕ ನೀವಲು ಅವನಿಗೆ ಬಾರದು. ಹಾಗಾಗಿ ಜೊತೆ ತರುವುದು ತಪ್ಪಲ್ಲ, ಒಡೆದ ಬಲ್ಬು ಬದಲಾಯಿಸಿದಂತೆ ತರುವುದು ತಪ್ಪು. ಕೆಲವು ವಾರ ಹೋಗಲಿ. ಹೊಸದನ್ನು ಒಂದು ತಿಂಗಳು ಬೇರೆ ಕೋಣೆಯಲ್ಲಿ ಬೇರೆ ಪಂಜರದಲ್ಲಿಟ್ಟು ಕಾಯಿಲೆ ಇಲ್ಲವೆಂದು ಖಚಿತವಾದ ಮೇಲೆ ಎರಡೂ ಪಂಜರ ಅಕ್ಕಪಕ್ಕ ಇಡಬೇಕು. ಅವೇ ಒಂದನ್ನೊಂದು ಕೂಗಿ, ತಂತಿಗೆ ತಂತಿ ಒತ್ತಿ ಕೂತ ಮೇಲೆ ಒಂದಾಗಿಸಬೇಕು. ಆದರೆ ಇಲ್ಲೊಂದು ಬಲೆಯಿದೆ, ಅದನ್ನು ತಪ್ಪಿಸಿಕೊಳ್ಳದೆ ಋಣ ತೀರುವುದಿಲ್ಲ. ಅಂಗಡಿಯಿಂದ ತಂದ ಎಳೆಯ ಹಕ್ಕಿ ಹಳೆಯದಕ್ಕಿಂತ ಹೆಚ್ಚು ದಿನ ಬದುಕುತ್ತದೆ, ನಾಳೆ ಅದು ಒಂಟಿಯಾಗುತ್ತದೆ, ಅದಕ್ಕೆ ಇನ್ನೊಂದು, ಅದಕ್ಕೆ ಮತ್ತೊಂದು. ಒಂದು ಅಗಲಿಕೆಯನ್ನು ಮುಚ್ಚಲು ಇನ್ನೊಂದು ಅಗಲಿಕೆಯನ್ನು ಕೊ​ಂಡು ತರುವ ಈ ಸರಣಿಗೆ ಕೊನೆಯೇ ಇಲ್ಲ, ಮತ್ತು ಪ್ರತಿ ಸಲವೂ ಎಲ್ಲೋ ಒಂದು ಗೂಡಿನಿಂದ ಮಾರಾಟಕ್ಕೆಂದೇ ಒಂದು ಮರಿ ಹುಟ್ಟಬೇಕು.

ಆದ್ದರಿಂದ ನಾಲ್ಕೂ ಊರಿನ ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ನಿಮ್ಮ ಮನೆಯ ಹಕ್ಕಿ ಒಂಟಿಯಾಗಿದ್ದರೆ ಅಂಗಡಿಗೆ ಹೋಗುವ ಮುಂಚೆ ನಿಮ್ಮ ಬೀದಿಯಲ್ಲಿ, ಮಕ್ಕಳ ಶಾಲೆಯಲ್ಲಿ, ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಇಂಥದ್ದೇ ಇನ್ನೊಂದು ಮನೆಯಲ್ಲಿ, ಇಂಥದ್ದೇ ವಯಸ್ಸಿನ, ಇಂಥದ್ದೇ ಒಂಟಿ ಹಕ್ಕಿ ಸಂಜೆ ಕೂಗುತ್ತಿರಬಹುದು. ಎರಡನ್ನೂ ಒಂದು ಮನೆಗೆ ಸೇರಿಸಿ. ಯಾರ ಮನೆ ಎಂಬ ಜಗಳ ಬೇಡ, ಪಂಜರ ಎಲ್ಲಿ ದೊಡ್ಡದೋ, ದಿನದ ಒಂದು ಹೊತ್ತು ಕೋಣೆಯ ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ರೆಕ್ಕೆ ಬಿಚ್ಚಲು ಬಿಡುವ ತಾಳ್ಮೆ ಎಲ್ಲಿದೆಯೋ ಆ ಮನೆ. ಅವು ತಮ್ಮ ಕಾಲ ಮುಗಿಸಿ, ಕೊನೆಯದೂ ಹೋದ ದಿನ ಹೊಸ ಜೋಡಿ ತರಬೇಡಿ. ಪಂಜರವನ್ನು ಗುಜರಿಗೆ ಹಾಕಿ, ಅದರೊಳಗಿದ್ದ ಬಟ್ಟಲಲ್ಲಿ ನೀರು ತುಂಬಿ ತಾರಸಿಯ ಮೇಲಿಡಿ. ಬೇಸಿಗೆಯಲ್ಲಿ ಗುಬ್ಬಿ, ಪಿಕಳಾರ, ಮೈನಾ ತಾವಾಗಿಯೇ ಬಂದು ಕುಡಿದು ಹೋಗುತ್ತವೆ.